ಹಲ್ಲಿಯ ಹೆಸರಿನಲ್ಲಿ ಹಳ್ಳಿ

ಕನ್ನಡವನ್ನು ಇಂಗ್ಲಿಷ್ ಕೀಲಿಗಳಲ್ಲಿ ಕುಟ್ಟಿ ರೂಢಿಯಾದವರಿಗೆ ಕ್ಯಾಪಿಟಲ್ ಲೆಟರ್ ಎಂದರೆ ಬರೀ ಅಲಂಕಾರವಲ್ಲ. ಸಣ್ಣ ಎಲ್ ಒತ್ತಿದರೆ ಲ, ಶಿಫ್ಟ್ ಹಿಡಿದು ಒತ್ತಿದರೆ ಳ. ‘ಬರಹ’ ತಂತ್ರಾಂಶದಲ್ಲೂ ಇದೇ ಕಟ್ಟಳೆ, ಕೆ.ಪಿ. ರಾವ್ ಅವರ ಕೀಲಿಮಣೆಯಲ್ಲೂ ಇದೇ. ಹಲ್ಲಿಗೂ ಹಳ್ಳಿಗೂ ನಡುವೆ ಇರುವುದು ಒಂದು ಶಿಫ್ಟ್ ಕೀಲಿ ಅಷ್ಟೇ.

ನಾನು ಫೈಲುಗಳಿಗೆ ಹೆಸರಿಡುತ್ತಿದ್ದದ್ದೂ ಹೀಗೆಯೇ, ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಪದ. ಮನೆಗೋಡೆಯ ಹಲ್ಲಿಗಳ ಬಗ್ಗೆ ಒಂದು ಹರಟೆ, ಅಮ್ಮನ ತವರುಹಳ್ಳಿಯ ಬಗ್ಗೆ ಒಂದು ಉದ್ದನೆಯ ಟಿಪ್ಪಣಿ. ಲಿನಕ್ಸ್ ಇದ್ದ ನನ್ನ ಕಂಪ್ಯೂಟರಿನಲ್ಲಿ ಎರಡೂ ವರ್ಷಗಟ್ಟಲೆ ಅಕ್ಕಪಕ್ಕ ತಣ್ಣಗೆ ಇದ್ದವು. ಒಂದು ವಾರ ಹಲ್ಲಿಯನ್ನು ಪೆನ್‌ಡ್ರೈವ್‌ಗೆ ಕಾಪಿ ಮಾಡಿದೆ, ಮುಂದಿನ ವಾರ ಹಳ್ಳಿಯನ್ನು. ಕಮಾಂಡ್ ಟೈಪ್ ಮಾಡಿ ಕೆಲಸ ಮಾಡುವ ಚಾಳಿ ನನ್ನದು, ಹಾಗಾಗಿ ಯಂತ್ರವೂ ಮರುಮಾತಾಡಲಿಲ್ಲ. ಆಮೇಲೆ ಕಂಪ್ಯೂಟರನ್ನು ಫಾರ್ಮ್ಯಾಟ್ ಮಾಡಿಸಿದ್ದೂ ಆಯಿತು. ಪೆನ್‌ಡ್ರೈವ್ ತೆರೆದರೆ ಇದ್ದದ್ದು ಒಂದೇ ಫೈಲ್. ಹೆಸರು ಹಲ್ಲಿಯದು, ಒಳಗಿದ್ದದ್ದು ಹಳ್ಳಿ.

ಪೆನ್‌ಡ್ರೈವ್‌ಗಳಲ್ಲಿ ಸಾಮಾನ್ಯವಾಗಿ ಇರುವುದು ಡಾಸ್ ಕಾಲದಿಂದ ಬಂದ ಫ್ಯಾಟ್ ಎಂಬ ಫೈಲ್ ವ್ಯವಸ್ಥೆ. ಹೆಸರನ್ನು ನಾವು ಬರೆದಂತೆಯೇ ತೋರಿಸುತ್ತದೆ, ಆದರೆ ಹುಡುಕುವಾಗ ದೊಡ್ಡಕ್ಷರ, ಸಣ್ಣಕ್ಷರ ಎಂಬ ಭೇದ ಮಾಡುವುದಿಲ್ಲ. ಹಳ್ಳಿ ಬಾಗಿಲಿಗೆ ಬಂದಾಗ, ಈ ಹೆಸರಿನ ಫೈಲ್ ಆಗಲೇ ಇದೆಯಲ್ಲ ಎಂದುಕೊಂಡು, ಹೊರಗಿನ ಚೀಟಿಯನ್ನು ಹಾಗೇ ಬಿಟ್ಟು ಒಳಗಿನದನ್ನು ಮಾತ್ರ ಬದಲಾಯಿಸಿತು. ವಿಂಡೋಸ್‌ನ ಎನ್‌ಟಿಎಫ್‌ಎಸ್ ಮತ್ತು ಆಪಲ್‌ನ ಮ್ಯಾಕ್ ಕೂಡ ಮಾಮೂಲಾಗಿ ಇದೇ ಜಾತಿ. ಯೂನಿಕ್ಸ್ ಮತ್ತು ಅದರ ದಾರಿ ಹಿಡಿದ ಲಿನಕ್ಸ್ ಮಾತ್ರ ಬೇರೆ. ಅವಕ್ಕೆ ಹೆಸರೆಂದರೆ ಬೈಟುಗಳ ಸಾಲು. ಓರೆಗೆರೆ ಮತ್ತು ಸೊನ್ನೆ ಬೈಟ್ ಬಿಟ್ಟು ಉಳಿದದ್ದೆಲ್ಲ ನಡೆಯುತ್ತದೆ. ಬೈಟ್ ಬೇರೆಯಾದರೆ ಹೆಸರೂ ಬೇರೆ.

ಲಿನಕ್ಸ್ ಮಂದಿ ಈ ಸ್ವಾತಂತ್ರ್ಯವನ್ನು ನನ್ನ ಹಾಗೆಯೇ ಬಳಸಿಕೊಂಡವರು. ಲಿನಕ್ಸ್‌ನ ತಿರುಳಾದ ಕರ್ನಲ್‌ನ ನೆಟ್‌ಫಿಲ್ಟರ್ ಭಾಗದಲ್ಲಿ ಟಿಸಿಪಿಎಂಎಸ್‌ಎಸ್ ಎಂಬ ಹೆಸರಿನ ಎರಡು ಫೈಲುಗಳಿವೆ. ಸಣ್ಣಕ್ಷರದ್ದು ಹಾದುಹೋಗುವ ಪ್ಯಾಕೆಟ್ಟನ್ನು ಪರೀಕ್ಷೆ ಮಾಡುತ್ತದೆ, ದೊಡ್ಡಕ್ಷರದ್ದು ಅದನ್ನು ತಿದ್ದುತ್ತದೆ. ಈ ಮೂಲಸಂಕೇತವನ್ನು ಮ್ಯಾಕ್‌ಗೆ ಇಳಿಸಿಕೊಂಡವರು, ಒಂದಕ್ಷರ ಮುಟ್ಟುವ ಮೊದಲೇ ಫೈಲ್ ಬದಲಾಗಿದೆ ಎಂಬ ದೂರು ಕಂಡು ತಲೆ ಕೆರೆದುಕೊಳ್ಳುತ್ತಾರೆ.

ಭೇದ ಮಾಡದಿರುವುದು ಒಂದು ಕಾಲಕ್ಕೆ ಅಗ್ಗದ ಉಪಾಯವಾಗಿತ್ತು. ಆಸ್ಕಿ ಸಂಕೇತದಲ್ಲಿ ದೊಡ್ಡ ಎ 65, ಸಣ್ಣ ಎ 97. ಎಲ್ಲ 26 ಅಕ್ಷರಗಳಿಗೂ ಅದೇ 32ರ ಅಂತರ, ಅಂದರೆ ಒಂದೇ ಬಿಟ್. ಯೂನಿಕೋಡ್ ಬಂದ ಮೇಲೆ ಲೆಕ್ಕ ಕೆಟ್ಟಿತು. ತುರ್ಕಿಯವರಿಗೆ ಚುಕ್ಕೆಯಿರುವ ಐ ಬೇರೆ, ಚುಕ್ಕೆಯಿಲ್ಲದ ಐ ಬೇರೆ, ಎರಡಕ್ಕೂ ಅವುಗಳದೇ ದೊಡ್ಡಕ್ಷರ. ಹಾಗಾದರೆ ಯಾವುದು ಯಾವುದಕ್ಕೆ ಸಮ ಎಂದು ಹೇಳಲು ಎದುರಿಗೆ ಕೂತವನ ಭಾಷೆ ಗೊತ್ತಿರಬೇಕು. ಡಿಸ್ಕಿಗೆ ಅದು ಹೇಗೆ ಗೊತ್ತಾಗಬೇಕು?

ಎನ್‌ಟಿಎಫ್‌ಎಸ್ ಇದಕ್ಕೆ ಕಂಡುಕೊಂಡ ದಾರಿ ನನಗೆ ಇಷ್ಟ. ಡಿಸ್ಕನ್ನು ಫಾರ್ಮ್ಯಾಟ್ ಮಾಡುವಾಗಲೇ, ಯಾವ ಅಕ್ಷರದ ದೊಡ್ಡ ರೂಪ ಯಾವುದು ಎಂಬ ಒಂದು ಕೋಷ್ಟಕವನ್ನು ಆ ಡಿಸ್ಕಿನೊಳಗೇ ಅಡಗಿಸಿಡುತ್ತದೆ. 65,536 ಸಾಲು, ಸಾಲಿಗೆ ಎರಡು ಬೈಟ್, ಒಟ್ಟು 128 ಕಿಲೋಬೈಟ್. ವಿಂಡೋಸ್ ಎಷ್ಟೇ ಹೊಸದಾಗಲಿ, ಆ ಡಿಸ್ಕಿಗೆ ಹುಟ್ಟಿದಾಗಿನ ಕೋಷ್ಟಕವೇ ಗತಿ. ಯಾಕೆಂದರೆ ಫೋಲ್ಡರಿನೊಳಗೆ ಹೆಸರುಗಳನ್ನು ಜೋಡಿಸಿಟ್ಟಿರುವುದೂ ಅದೇ ಕೋಷ್ಟಕದ ಪ್ರಕಾರ. ನಿಘಂಟು ಅಚ್ಚಾದ ಮೇಲೆ ಯಾರೋ ಅಕ್ಷರಮಾಲೆಯ ಕ್ರಮ ಬದಲಿಸಿದರು ಅಂದುಕೊಳ್ಳಿ. ಪದ ಪುಸ್ತಕದಲ್ಲೇ ಇರುತ್ತದೆ, ನೀವು ತೆರೆಯುವ ಪುಟದಲ್ಲಿ ಇರುವುದಿಲ್ಲ.

ಲಿನಕ್ಸ್‌ನಲ್ಲಿ ಹೆಚ್ಚುಕಡಿಮೆ ಇದೇ ನಡೆಯಿತು. 2019ರಲ್ಲಿ, 5.2ನೇ ಆವೃತ್ತಿಯಲ್ಲಿ, ಅದರ ಎಕ್ಸ್ಟ್4 ಎಂಬ ಫೈಲ್ ವ್ಯವಸ್ಥೆಗೆ ಬೇಕೆಂದ ಫೋಲ್ಡರಿನಲ್ಲಿ ಮಾತ್ರ ಅಕ್ಷರಭೇದ ಮರೆಯುವ ಸೌಲಭ್ಯ ಬಂತು. (ತಮಾಷೆಯೆಂದರೆ ಅದಕ್ಕೆ ಒಂದು ವರ್ಷ ಮೊದಲು ವಿಂಡೋಸ್ 10, ಬೇಕೆಂದ ಫೋಲ್ಡರಿನಲ್ಲಿ ಭೇದ ಮಾಡುವ ಸೌಲಭ್ಯ ಕೊಟ್ಟಿತ್ತು.) 2024ರ ಕೊನೆಯಲ್ಲಿ ಈ ಹೋಲಿಕೆಯ ನಿಯಮವನ್ನು ಕೊಂಚ ತಿದ್ದಿದರು. ಅಲ್ಲಿಯವರೆಗೆ, ಕಣ್ಣಿಗೆ ಕಾಣದ ಕೆಲವು ಯೂನಿಕೋಡ್ ಚಿಹ್ನೆಗಳನ್ನು ಹೋಲಿಸುವಾಗ ಲೆಕ್ಕಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ. ಇನ್ನು ಮೇಲೆ ತೆಗೆದುಕೊಳ್ಳೋಣ ಎಂದರು. ಕೆಂಪು ಹೃದಯದ ಇಮೋಜಿಯ ಬೆನ್ನಿಗೂ ಅಂಥದ್ದೊಂದು ಚಿಹ್ನೆ ಅಂಟಿಕೊಂಡಿರುತ್ತದೆ. ಹಳೆಯ ನಿಯಮದಲ್ಲಿ ಇಟ್ಟ ಹೃದಯದ ಫೈಲುಗಳು ಹೊಸ ನಿಯಮದಲ್ಲಿ ಕೈಗೆ ಸಿಗದಾದವು. ಡಿಸೆಂಬರಿನಲ್ಲಿ ತಿದ್ದುಪಡಿಯನ್ನು ವಾಪಸು ತೆಗೆದುಕೊಂಡರು.

ಕನ್ನಡದಲ್ಲಿ ದೊಡ್ಡಕ್ಷರವೂ ಇಲ್ಲ, ಸಣ್ಣಕ್ಷರವೂ ಇಲ್ಲ, ಈ ರಗಳೆ ನಮಗೇಕೆ ಎನ್ನುವ ಹಾಗಿಲ್ಲ. ‘ಸಾಫ್ಟ್‌ವೇರ್’ ಎಂದು ಬರೆಯುವಾಗ ಟಕಾರದ ಕೆಳಗೆ ವಕಾರದ ಒತ್ತು ಇಳಿಯದಂತೆ ನಾವು ನಡುವೆ ಒಂದು ತಡೆ ಇಡುತ್ತೇವೆ. ಅದು ಅಗಲವೇ ಇಲ್ಲದ, ಕಾಣದ ಚಿಹ್ನೆ. ರ‍್ಯಾಂಕ್ ಎಂಬಲ್ಲಿ ರಕಾರ ಅರ್ಕಾವತ್ತಾಗದಂತೆ ಹಿಡಿದಿಡುವುದು ಅದರ ದಾಯಾದಿ. ಇವೆರಡೂ ಲೆಕ್ಕಕ್ಕಿಲ್ಲದವರ ಪಟ್ಟಿಯಲ್ಲೇ ಇವೆ. ತಡೆಯಿರುವ ಸಾಫ್ಟ್‌ವೇರ್, ತಡೆಯಿಲ್ಲದ ಸಾಫ್ಟ್ವೇರ್ ಎಂಬ ಹೆಸರುಗಳು ಎನ್‌ಟಿಎಫ್‌ಎಸ್‌ಗೆ ಎರಡು, ಭೇದ ಮರೆಯುವ ಎಕ್ಸ್ಟ್4 ಫೋಲ್ಡರಿಗೆ ಒಂದೇ.

ಸ್ವರಚಿಹ್ನೆಗಳ ಕತೆ ಇನ್ನೂ ಸ್ವಾರಸ್ಯ. ‘ಕೋಲಾರ’ದ ಮೊದಲಕ್ಷರದ ಮೇಲಿನ ಓಕಾರವನ್ನು ಒಂದೇ ಚಿಹ್ನೆಯಾಗಿ ಬರೆಯಬಹುದು. ಎಕಾರದ ಚಿಹ್ನೆ, ಊಕಾರದ ಚಿಹ್ನೆ, ದೀರ್ಘದ ಗುರುತು ಎಂದು ಮೂರಾಗಿ ಒಡೆದೂ ಬರೆಯಬಹುದು. ಯೂನಿಕೋಡ್ ಪ್ರಕಾರ ಎರಡೂ ಸಮ. 1998ರಲ್ಲಿ ಬಂದ ಮ್ಯಾಕ್‌ನ ಎಚ್‌ಎಫ್‌ಎಸ್ ಪ್ಲಸ್, ನಾವು ಹೇಗೇ ಬರೆದರೂ ಒಡೆದೇ ಇಡುತ್ತಿತ್ತು. ವಿಂಡೋಸ್ ಕೊಟ್ಟದ್ದನ್ನು ಕೊಟ್ಟ ಹಾಗೆ ಇಡುತ್ತದೆ. ಹಳೇ ಮ್ಯಾಕ್‌ನಿಂದ ಬಂದ ಕೋಲಾರ ವಿಂಡೋಸಿನಲ್ಲಿದ್ದ ಕೋಲಾರದ ಪಕ್ಕದಲ್ಲಿ ಬಂದು ಕೂತರೆ, ಕಣ್ಣಿಗೆ ಎರಡೂ ತದ್ರೂಪು, ಯಂತ್ರಕ್ಕೆ ಬೇರೆಬೇರೆ ಊರು.

ನಮ್ಮ ಕಾಣದ ತಡೆಯಿಂದ ಕಳ್ಳರಿಗೂ ಅನುಕೂಲವಾದದ್ದುಂಟು. ಪ್ರೋಗ್ರಾಮರುಗಳು ಬಳಸುವ ಗಿಟ್, ತನ್ನ ಗುಟ್ಟಿನ ಸೆಟ್ಟಿಂಗುಗಳನ್ನು ಚುಕ್ಕೆಯಿಂದ ಶುರುವಾಗುವ ‘ಗಿಟ್’ ಎಂಬ ಫೋಲ್ಡರಿನಲ್ಲಿ ಇಡುತ್ತದೆ. ಹೊರಗಿನವರು ಅದೇ ಹೆಸರಿನ ಫೋಲ್ಡರ್ ತಂದರೆ ಒಳಗೆ ಬಿಡುವುದಿಲ್ಲ. ಆದರೆ ಹೆಸರಿನ ನಡುವೆ ಆ ತಡೆಯನ್ನು ತುರುಕಿ ತಂದರೆ? ಇದು ಬೇರೆ ಹೆಸರು ಎಂದು ಗಿಟ್ ದಾರಿ ಬಿಡುತ್ತಿತ್ತು, ತಡೆಯನ್ನು ಎಣಿಸದ ಎಚ್‌ಎಫ್‌ಎಸ್ ಪ್ಲಸ್ ಅದನ್ನು ನೇರ ಗುಟ್ಟಿನ ಕೋಣೆಗೇ ಕರೆದೊಯ್ಯುತ್ತಿತ್ತು. ಅಲ್ಲಿಂದ ಕಂಪ್ಯೂಟರಿನಲ್ಲಿ ಬೇಕಾದ ಕಮಾಂಡ್ ಓಡಿಸಬಹುದು. ವಿಂಡೋಸ್‌ನಲ್ಲಿ ಇಷ್ಟು ಕಷ್ಟವೂ ಬೇಡ, ಒಂದು ದೊಡ್ಡಕ್ಷರ ಸಾಕಿತ್ತು. 2014ರ ಡಿಸೆಂಬರ್ 18ರಂದು ಗಿಟ್ 2.2.1 ಈ ತೂತು ಮುಚ್ಚಿತು. ಕಾವಲುಗಾರನಿಗೂ ಮನೆಯವನಿಗೂ ‘ಒಂದೇ’ ಎಂಬ ಪದದ ಅರ್ಥ ಬೇರೆಯಾದರೆ ಕಳ್ಳನಿಗೆ ಇನ್ನೇನು ಬೇಕು?

2025ರಲ್ಲಿ ಬೀಕ್ಯಾಶ್‌ಎಫ್‌ಎಸ್ ಎಂಬ ಇನ್ನೊಂದು ವ್ಯವಸ್ಥೆಯಲ್ಲಿ ಇಂಥದೇ ಎಡವಟ್ಟು ಕಂಡಾಗ ಲಿನಕ್ಸ್‌ನ ಜನಕ ಲಿನಸ್ ಟೊರ್ವಾಲ್ಡ್ಸ್ ರೇಗಿದರು. ಅಕ್ಷರಭೇದ ಮರೆಯುವುದೇ ತಪ್ಪು, ಫೈಲ್ ವ್ಯವಸ್ಥೆ ಬರೆಯುವವರು ಪಾಠ ಕಲಿಯುವುದೇ ಇಲ್ಲ ಎಂಬ ಧಾಟಿ. ಅವರ ಸಿಟ್ಟು ಸ್ವಲ್ಪ ಜಾಸ್ತಿ, ಆದರೆ ನಾನೂ ಅವರ ಕಡೆಯವನೇ. ಉದಾರತೆ ಇರಬೇಕಾದದ್ದು ಹುಡುಕುವ ಪೆಟ್ಟಿಗೆಯಲ್ಲಿ. ಹಲ್ಲಿ ಎಂದು ಹುಡುಕಿದರೆ ಹಳ್ಳಿಯನ್ನೂ ತೋರಿಸಲಿ, ನಾನು ಆರಿಸಿಕೊಳ್ಳುತ್ತೇನೆ. ಉಗ್ರಾಣದವನು ಮಾತ್ರ ಕೊಟ್ಟದ್ದನ್ನು ಕೊಟ್ಟ ಹಾಗೆ ಇಟ್ಟಿರಲಿ.

ಅಮ್ಮನ ಊರಿನ ಟಿಪ್ಪಣಿಗೆ ಈಗ ಕನ್ನಡ ಲಿಪಿಯಲ್ಲೇ ‘ಹಳ್ಳಿ’ ಎಂದು ಹೆಸರಿಟ್ಟಿದ್ದೇನೆ. ಒಡೆಯುವ ಸ್ವರವಿಲ್ಲ, ಕಾಣದ ತಡೆಯಿಲ್ಲ, ಲಿನಕ್ಸ್, ವಿಂಡೋಸ್, ಮ್ಯಾಕ್ ಮೂರೂ ಬಗೆಯ ಡಿಸ್ಕಿನಲ್ಲಿ ಇಟ್ಟು ನೋಡಿದೆ. ಹಲ್ಲಿಯ ಹರಟೆಯನ್ನು ಮತ್ತೆ ಬರೆಯಬೇಕು. ಟ್ಯೂಬ್‌ಲೈಟ್ ಪಟ್ಟಿಯ ಹಿಂದಿನಿಂದ ಒಂದು ಬಾಲ ಇಳಿಬಿದ್ದಿತ್ತು ಎಂದು ಶುರುವಾಗುತ್ತಿತ್ತು, ಅಷ್ಟು ನೆನಪಿದೆ.