ತಿಪ್ಪಣ್ಣನಿಗೂ ಯೋಸೇಫನಿಗೂ ಏನು ನಂಟು?

ಕೊಪ್ಪಳ, ಯಲಬುರ್ಗಾ ಕಡೆ ತಿಪ್ಪಣ್ಣ ಅಂತ ಯಾಕೆ ಹೆಸರಿಡ್ತಿದ್ರು ಗೊತ್ತಾ?

ಹುಟ್ಟಿದ ಮಕ್ಕಳು ಉಳೀದೇ ಇದ್ರೆ,
ಮುಂದಿನ ಕೂಸನ್ನ ತಿಪ್ಪೆ ಮೇಲೆ ಹೊರಳಿಸಿ
ಆ ಹೆಸರಿಡೋರು.
ಸಾವಿಗೂ ಬೇಡವಾಗಲಿ ಅಂತ.
ಹೆಣ್ಣುಮಕ್ಕಳು ಸಾಕು ಅನಿಸಿದ್ರೆ, ಸಾಕವ್ವ!

ಬೈಬಲ್ಲಿನ ವಂಶಾವಳಿಯ ಹಲವು ಹೀಬ್ರೂ ಹೆಸರುಗಳೂ ಹೀಗೇ.
ಬಹುಕಾಲ ಮಕ್ಕಳಿಲ್ಲದ ರಾಹೇಲಳಿಗೆ ಮಗ ಹುಟ್ಟಿದ.
ಯೋಸೇಫ ಅಂದಳು.
ಅಂದ್ರೆ, ದೇವರು ಇನ್ನೂ ಒಬ್ಬನನ್ನ ಕೂಡಿಸಲಿ.
ನಮ್ಮೂರ ಯೂಸುಫ್ ಹೆಸರೂ ಅದೇ.
ಇಸಾಕ ಅಂದ್ರೆ ನಗ್ತಾನೆ ಅಂತ.
ಮುಪ್ಪಲ್ಲಿ ಮಗು ಆಗುತ್ತೆ ಅಂದಾಗ
ತಾಯಿ ಸಾರಾ ನಕ್ಕಿದ್ದಳು.

ಇವೆಲ್ಲ ಆಮೇಲೆ ಕಟ್ಟಿದ ಕಥೆ ಅಂತೀರಾ?
ಕೆಲವು ಇರಬಹುದು.
ಮೋಶೆ ಅನ್ನೋದಕ್ಕೆ ಬೈಬಲ್ ಹೀಬ್ರೂ ಅರ್ಥ ಕೊಡುತ್ತೆ,
ನೀರಿಂದ ಎಳೆದು ತೆಗೆದದ್ದಕ್ಕೆ ಆ ಹೆಸರು ಅಂತ.
ಬಹಳಷ್ಟು ವಿದ್ವಾಂಸರು
ಅದರ ಮೂಲ ಈಜಿಪ್ಟಿನದು ಅಂತಾರೆ.

ಆದ್ರೆ ಕಾರಣ ಕಟ್ಟಿದ್ರೂ ಒಂದು ಮಾತು ನಿಜ:
ಹೆಸರಲ್ಲಿ ಮನೆಯ ಸುಖ, ದುಃಖ ಇರಬೇಕು
ಅಂತ ಬೈಬಲ್ ಬರೆದವರೂ ನಂಬಿದ್ರು.
ವಂಶಾವಳಿ ಓದುವಾಗ ಹೆಸರು ಹಾರಿಸಬೇಡಿ!