ಹದಿನಾರು ಅಡಿಯಲ್ಲಿ ಇಬ್ಬರು ದೈತ್ಯರು

1980ರ ಜೂನ್‌ನಲ್ಲಿ ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಬಾಸ್ಟನ್ ಸೆಲ್ಟಿಕ್ಸ್ ತಂಡದ ಮುಖ್ಯಸ್ಥ ರೆಡ್ ಔರ್‌ಬ್ಯಾಕ್ ಒಂದು ವ್ಯಾಪಾರ ಕುದುರಿಸಿದರು. ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ‘ಡ್ರಾಫ್ಟ್’ನಲ್ಲಿ ಆ ವರ್ಷದ ಮೊದಲ ಆಯ್ಕೆಯ ಹಕ್ಕು ಅವರ ಕೈಯಲ್ಲಿತ್ತು. ಅದರ ಜತೆಗೆ 13ನೇ ಆಯ್ಕೆಯನ್ನೂ ಗೋಲ್ಡನ್ ಸ್ಟೇಟ್ ವಾರಿಯರ್ಸ್‌ಗೆ ಬಿಟ್ಟುಕೊಟ್ಟು, ಮೂರನೇ ಆಯ್ಕೆಯನ್ನೂ ರಾಬರ್ಟ್ ಪ್ಯಾರಿಷ್ ಎಂಬ ಏಳಡಿ ಎತ್ತರದ ಸೆಂಟರ್ ಆಟಗಾರನನ್ನೂ ಪಡೆದರು. ವಾರಿಯರ್ಸ್ ಮೊದಲ ಆಯ್ಕೆಯಲ್ಲಿ ಜೋ ಬ್ಯಾರಿ ಕ್ಯಾರೊಲ್ ಅವರನ್ನು ತೆಗೆದುಕೊಂಡಿತು. ಮೂರನೆಯದರಲ್ಲಿ ಬಾಸ್ಟನ್‌ಗೆ ದಕ್ಕಿದವರು ಕೆವಿನ್ ಮೆಕ್‌ಹೇಲ್. ಪ್ಯಾರಿಷ್, ಮೆಕ್‌ಹೇಲ್ ಇಬ್ಬರೂ ಹಾಲ್ ಆಫ್ ಫೇಮ್ ಸೇರಿದರು. ಕ್ಯಾರೊಲ್ ಕೂಡ ಕಳಪೆ ಆಟಗಾರರೇನಲ್ಲ, 1987ರಲ್ಲಿ ಆಲ್‌ಸ್ಟಾರ್ ತಂಡದಲ್ಲಿ ಆಡಿದವರು. ಆದರೂ ಅವರ ಹೆಸರು ಇವತ್ತು ಕೇಳಿಬರುವುದು ಹೆಚ್ಚಾಗಿ ಈ ವ್ಯಾಪಾರದ ಮಾತು ಬಂದಾಗಲೇ. ಪಾಪ, ಈ ಕಥೆಯಲ್ಲಿ ಅವರು ಇನ್ನೊಮ್ಮೆ ಬರಲಿಕ್ಕಿದ್ದಾರೆ.

ಬಾಸ್ಕೆಟ್‌ಬಾಲ್ ಪ್ರಿಯರು ಸೇರಿದಲ್ಲಿ ತಪ್ಪದೆ ಏಳುವ ವಾದಗಳಲ್ಲಿ ‘ಅತ್ಯುತ್ತಮ ಫ್ರಂಟ್‌ಕೋರ್ಟ್ ಜೋಡಿ (ಫಾರ್ವರ್ಡ್, ಸೆಂಟರ್‌ಗಳ ಜೋಡಿ) ಯಾವುದು’ ಎಂಬುದೂ ಒಂದು. ಸಾಮಾನ್ಯವಾಗಿ ಇಬ್ಬರ ಅಂಕ, ರಿಬೌಂಡ್, ಬ್ಲಾಕ್‌ಗಳನ್ನು ಕೂಡಿಸಿ, ಮೊತ್ತ ಹೆಚ್ಚಿದ್ದವರನ್ನು ಗೆದ್ದವರೆಂದು ಘೋಷಿಸಿಬಿಡುತ್ತಾರೆ. ಆದರೆ ಈ ಲೆಕ್ಕ ಜಾಗದ ಪ್ರಶ್ನೆಯನ್ನೇ ಮರೆಯುತ್ತದೆ. ಬುಟ್ಟಿಯ ಕೆಳಗೆ ಬಣ್ಣ ಬಳಿದ ಆಯತ, ಆಟಗಾರರ ಭಾಷೆಯ ‘ಪೇಂಟ್’, ಇರುವುದೇ 16 ಅಡಿ ಅಗಲ. ಮೊದಲು ಅದು ಆರೇ ಅಡಿಯಿತ್ತು. ಎತ್ತರದ ಸೆಂಟರ್ ಜಾರ್ಜ್ ಮೈಕನ್ ಬುಟ್ಟಿಯ ಪಕ್ಕದಲ್ಲೇ ನಿಂತು ಅಂಕ ಬಾಚುತ್ತಿದ್ದುದನ್ನು ತಡೆಯಲು 1951ರಲ್ಲಿ 12 ಅಡಿಗೆ ಹಿಗ್ಗಿಸಿದರು. 1964ರಲ್ಲಿ ಈಗಿನ ಅಗಲಕ್ಕೆ ಬಂತು. ದಾಳಿ ಮಾಡುವ ತಂಡದವರು ಅದರೊಳಗೆ ಮೂರು ಸೆಕೆಂಡಿಗಿಂತ ಹೆಚ್ಚು ನಿಲ್ಲುವಂತಿಲ್ಲ. ಎತ್ತರದ ಆಟಗಾರ ಹುಟ್ಟಿದಾಗಿನಿಂದ ಆಡುತ್ತ ಬಂದದ್ದು ಆ ಜಾಗದ ಆಸುಪಾಸಿನಲ್ಲೇ. ಅಂಥವರು ಒಂದೇ ತಂಡದಲ್ಲಿ ಇಬ್ಬರಿದ್ದರೆ ಒಂದೇ ಒರೆಯಲ್ಲಿ ಎರಡು ಕತ್ತಿ ತುರುಕಿದ ಹಾಗೆ. ಹಾಗಾಗಿ ಜೋಡಿಯನ್ನು ಅಳೆಯುವಾಗ ಇಬ್ಬರಲ್ಲಿ ಪಕ್ಕಕ್ಕೆ ಸರಿದವರು ಯಾರು, ಸರಿದ ಮೇಲೆ ಅವರು ಮಾಡಿದ್ದೇನು ಎಂದು ಮೊದಲು ಕೇಳಬೇಕು.

ಬಾಸ್ಟನ್‌ನಲ್ಲಿ ಸರಿದವರು ಪ್ಯಾರಿಷ್. ಚೆಂಡು ಬೇಕೆಂದು ಅವರು ರಂಪ ಮಾಡಿದವರಲ್ಲ. ಎದುರಾಳಿ ಸೆಂಟರ್‌ಗಿಂತ ಮೊದಲೇ ಅಂಕಣದ ಆ ತುದಿಗೆ ಓಡಿ ತಲುಪುವುದು, ರಿಬೌಂಡ್ ಹಿಡಿಯುವುದು, ಅವಕಾಶ ಸಿಕ್ಕರೆ ಚಾವಣಿ ಮುಟ್ಟುತ್ತದೇನೋ ಎನ್ನುವಷ್ಟು ಮೇಲಕ್ಕೆ ಚೆಂಡನ್ನು ಎಸೆದು ಬುಟ್ಟಿಗೆ ಬೀಳಿಸುವುದು, ಇಷ್ಟೇ ಅವರ ಆಟ. 21 ಋತು, 1611 ಪಂದ್ಯ. 1997ರಲ್ಲಿ ನಿವೃತ್ತರಾದಾಗ ಎನ್‌ಬಿಎಯಲ್ಲಿ ಅಷ್ಟು ಪಂದ್ಯ ಆಡಿದವರು ಬೇರೆ ಯಾರೂ ಇರಲಿಲ್ಲ.

ಅವರು ಬಿಟ್ಟುಕೊಟ್ಟ ಜಾಗದಲ್ಲಿ ಮೆಕ್‌ಹೇಲ್ ಅಂಗಡಿ ತೆರೆದರು. ಆರಡಿ ಹತ್ತು ಅಂಗುಲದ ಆಜಾನುಬಾಹು. ಎದುರಾಳಿಗೆ ಬೆನ್ನು ಕೊಟ್ಟು ನಿಂತು ಚೆಂಡು ಪಡೆಯುತ್ತಿದ್ದರು. ಭುಜವನ್ನು ಒಂದು ಕಡೆ ತುಸು ಅಲುಗಿಸುತ್ತಿದ್ದರು, ಎದುರಾಳಿ ಆ ಕಡೆ ವಾಲುತ್ತಿದ್ದ. ತಿರುಗಿ ಚೆಂಡನ್ನು ಎತ್ತುತ್ತಿದ್ದರು, ಎದುರಾಳಿ ತಡೆಯಲು ನೆಗೆಯುತ್ತಿದ್ದ. ಅವನು ಗಾಳಿಯಲ್ಲಿರುವಾಗಲೇ ಕಂಕುಳ ಕೆಳಗೆ ನುಸುಳಿ ಇನ್ನೊಂದು ಬದಿಯಿಂದ ನಿಧಾನವಾಗಿ ಚೆಂಡನ್ನು ಬುಟ್ಟಿಗೆ ಹಾಕುತ್ತಿದ್ದರು. ಈ ಆಟ ಬರುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು, ತಡೆಯಲು ಆಗುತ್ತಿರಲಿಲ್ಲ. 1985ರ ಮಾರ್ಚ್ 3ರಂದು ಡೆಟ್ರಾಯ್ಟ್ ಮೇಲೆ 56 ಅಂಕ ಗಳಿಸಿ ಸೆಲ್ಟಿಕ್ಸ್ ತಂಡದ ದಾಖಲೆ ಬರೆದರು. ಅದು ಉಳಿದದ್ದು ಒಂಬತ್ತೇ ದಿನ. ಮಾರ್ಚ್ 12ಕ್ಕೆ ಅದೇ ತಂಡದ ಲ್ಯಾರಿ ಬರ್ಡ್ 60 ಅಂಕ ಹೊಡೆದರು.

ಈ ಜೋಡಿಯ ತೊಡಕೂ ಬರ್ಡ್ ಅವರೇ. ಫಾರ್ವರ್ಡ್ ಆದ್ದರಿಂದ ಅವರೂ ಫ್ರಂಟ್‌ಕೋರ್ಟ್‌ಗೆ ಸೇರಿದವರು, ಹೀಗಾಗಿ ಬಾಸ್ಟನ್‌ನದು ನಿಜವಾಗಿ ತ್ರಿಮೂರ್ತಿಗಳ ಕೂಟ. 1986ರಲ್ಲಿ ಇವರ ಜತೆಗೆ ಇನ್ನೊಬ್ಬ ಸೆಂಟರ್ ಬಿಲ್ ವಾಲ್ಟನ್ ಬೆಂಚಿನಿಂದ ಎದ್ದು ಬರುತ್ತಿದ್ದರು. ತವರಿನಲ್ಲಿ ಆಡಿದ 41 ಲೀಗ್ ಪಂದ್ಯಗಳಲ್ಲಿ ಆ ತಂಡ ಸೋತದ್ದು ಒಂದೇ ಒಂದು. ಅಂಥ ತಂಡದಿಂದ ಇಬ್ಬರನ್ನು ಮಾತ್ರ ಬಿಡಿಸಿ ತೂಗುವುದು ನ್ಯಾಯವೂ ಅಲ್ಲ, ಸುಲಭವೂ ಅಲ್ಲ.

ಆ ವರ್ಷದ ಫೈನಲ್ಸ್‌ನಲ್ಲಿ ಎದುರಿಗೆ ನಿಂತದ್ದು ಇನ್ನೊಂದು ಜೋಡಿ, ಹ್ಯೂಸ್ಟನ್ ರಾಕೆಟ್ಸ್‌ನ ರಾಲ್ಫ್ ಸ್ಯಾಂಪ್ಸನ್ ಮತ್ತು ಹಕೀಮ್ ಒಲಾಜುವನ್. ಸ್ಯಾಂಪ್ಸನ್ ಏಳಡಿ ನಾಲ್ಕು ಅಂಗುಲ, 1983ರ ಮೊದಲ ಆಯ್ಕೆ. ಅವರು ಬಂದರೂ ತಂಡ ಮತ್ತೆ ಸೋತು ತಳ ಸೇರಿತು. ಆಗ ಎರಡೂ ವಿಭಾಗಗಳ ತಳದ ತಂಡಗಳಲ್ಲಿ ಮೊದಲ ಆಯ್ಕೆ ಯಾರಿಗೆಂಬುದು ನಾಣ್ಯ ಚಿಮ್ಮಿ ತೀರ್ಮಾನವಾಗುತ್ತಿತ್ತು. 1984ರಲ್ಲೂ ನಾಣ್ಯ ಹ್ಯೂಸ್ಟನ್ ಕಡೆ ಬಿತ್ತು. ಲಾಗೋಸ್‌ನಲ್ಲಿ ಹ್ಯಾಂಡ್‌ಬಾಲ್ ಆಡಿಕೊಂಡು, ಫುಟ್‌ಬಾಲ್‌ನಲ್ಲಿ ಗೋಲ್‌ಕೀಪರ್ ಆಗಿ ಬೆಳೆದ ಒಲಾಜುವನ್ ಬಂದರು. ಮೂರನೇ ಆಯ್ಕೆಯಲ್ಲಿ ಶಿಕಾಗೊಗೆ ಹೋದವರು ಮೈಕೆಲ್ ಜೋರ್ಡನ್. ಹಾಗಿದ್ದೂ ಹ್ಯೂಸ್ಟನ್‌ನ ಆಯ್ಕೆಯನ್ನು ಯಾರೂ ತಪ್ಪೆನ್ನುವುದಿಲ್ಲ.

ಇಲ್ಲಿ ಸರಿಯಬೇಕಾದವರು ಸ್ಯಾಂಪ್ಸನ್. ಅಷ್ಟೆತ್ತರದ ಮನುಷ್ಯನಿಗೆ ಫಾರ್ವರ್ಡ್ ಸ್ಥಾನ, ಬುಟ್ಟಿಯಿಂದ ದೂರದ ಎಸೆತ, ಚೆಂಡು ಪುಟಿಸಿಕೊಂಡು ಓಟ! ಆಗಿನವರಿಗೆ ಇದು ವಿಚಿತ್ರವಾಗಿ ಕಂಡಿತು, ಹೀಗೇ ಆಡುವ ಈಗಿನ ದೈತ್ಯ ವೆಂಬನ್ಯಾಮಾ ಅವರ ಆಟ ನೋಡಿರುವ ಇಂದಿನವರಿಗೆ ಕಾಣದು. 1986ರ ಪಶ್ಚಿಮ ವಿಭಾಗದ ಫೈನಲ್ಸ್‌ನಲ್ಲಿ ಲೇಕರ್ಸ್ ಎದುರಿನ ಐದನೇ ಪಂದ್ಯ 112–112ರಲ್ಲಿ ನಿಂತಿತ್ತು. ಉಳಿದದ್ದು ಒಂದು ಸೆಕೆಂಡ್. ಜಗಳವಾಡಿದ್ದಕ್ಕೆ ಒಲಾಜುವನ್ ಅವರನ್ನು ಆಗಲೇ ಅಂಕಣದಿಂದ ಹೊರಗೆ ಕಳಿಸಲಾಗಿತ್ತು. ಪಕ್ಕದಿಂದ ಬಂದ ಪಾಸನ್ನು ಸ್ಯಾಂಪ್ಸನ್ ಗಾಳಿಯಲ್ಲೇ ಹಿಡಿದು, ಬುಟ್ಟಿಯ ಕಡೆ ಪೂರ್ತಿ ತಿರುಗದೆಯೇ ಎಸೆದರು. ಚೆಂಡು ಉಂಗುರದ ಮೇಲೆ ಪುಟಿದು ಒಳಗೆ ಬಿತ್ತು. ಲೇಕರ್ಸ್‌ನ ಮೈಕೆಲ್ ಕೂಪರ್ ನೆಲದ ಮೇಲೆ ಅಂಗಾತ ಬಿದ್ದುಕೊಂಡರು.

ಫೈನಲ್ಸ್‌ನಲ್ಲಿ ಬಾಸ್ಟನ್ 4–2ರಿಂದ ಗೆದ್ದಿತು. ಐದನೇ ಪಂದ್ಯದಲ್ಲಿ ಸ್ಯಾಂಪ್ಸನ್ ತಮಗಿಂತ ಒಂದಡಿಗೂ ಹೆಚ್ಚು ಗಿಡ್ಡಗಿದ್ದ ಜೆರ್ರಿ ಸಿಕ್ಟಿಂಗ್ ಮೇಲೆ ಕೈಮಾಡಿ ಹೊರಗೆ ಹೋದರು. ಆರನೇ ಪಂದ್ಯಕ್ಕೆ ಬಾಸ್ಟನ್‌ಗೆ ಬಂದಾಗ ಪ್ರೇಕ್ಷಕರು ಅವರನ್ನು ಸುಮ್ಮನೆ ಬಿಡಲಿಲ್ಲ. ಆಮೇಲೆ ಮಂಡಿ ಕೈಕೊಟ್ಟಿತು. 1987ರ ಡಿಸೆಂಬರ್‌ನಲ್ಲಿ ಹ್ಯೂಸ್ಟನ್ ಅವರನ್ನು ಗೋಲ್ಡನ್ ಸ್ಟೇಟ್‌ಗೆ ಕಳಿಸಿತು. ಬದಲಿಗೆ ಬಂದ ಇಬ್ಬರಲ್ಲಿ ಒಬ್ಬರು ಯಾರು ಗೊತ್ತೇ? ಅದೇ ಜೋ ಬ್ಯಾರಿ ಕ್ಯಾರೊಲ್. ಎರಡು ಮಹಾನ್ ಜೋಡಿಗಳಲ್ಲಿ ಒಂದು ಕೂಡಿಬಂದಾಗಲೂ ಇನ್ನೊಂದು ಒಡೆದಾಗಲೂ ಕ್ಯಾರೊಲ್ ಅಲ್ಲಿದ್ದರು.

ಒಲಾಜುವನ್ ಪ್ರಶಸ್ತಿ ಗೆದ್ದದ್ದು 1994, 1995ರಲ್ಲಿ, ಪಕ್ಕದಲ್ಲಿ ಎರಡನೇ ದೈತ್ಯ ಇಲ್ಲದಾಗ. ಸುತ್ತ ಮೂರಂಕದ ಎಸೆತಗಾರರನ್ನು ನಿಲ್ಲಿಸಿ ಪೇಂಟ್ ಪೂರ್ತಿ ಅವರಿಗೆ ಬಿಟ್ಟುಕೊಡಲಾಗಿತ್ತು. 1995ರಲ್ಲಿ ಅವರ ಕೈಗೆ ಸಿಕ್ಕಿ ನಜ್ಜುಗುಜ್ಜಾದವರು ಸ್ಯಾನ್ ಆಂಟೋನಿಯೊ ಸ್ಪರ್ಸ್‌ನ ಡೇವಿಡ್ ರಾಬಿನ್ಸನ್. ಲೀಗ್‌ನ ಅತ್ಯಮೂಲ್ಯ ಆಟಗಾರ ಪ್ರಶಸ್ತಿ ರಾಬಿನ್ಸನ್‌ಗೆ ಬಂದಿದ್ದ ವರ್ಷವೇ ಅದು. ಆ ಸರಣಿಯಲ್ಲಿ ಒಲಾಜುವನ್ ಸರಾಸರಿ 35.3 ಅಂಕ ಗಳಿಸಿದರು.

ರಾಬಿನ್ಸನ್ ಅವರದು ಬೇರೆಯೇ ಬಗೆಯ ಬದುಕು. 1987ರಲ್ಲಿ ಮೊದಲ ಆಯ್ಕೆಯಾದರೂ ನೌಕಾಪಡೆಯ ಸೇವೆ ಮುಗಿಸಿ ತಂಡ ಸೇರಿದ್ದು 1989ರಲ್ಲಿ. 1996–97ರಲ್ಲಿ ಗಾಯಗೊಂಡು ಆಡಿದ್ದು ಆರೇ ಪಂದ್ಯ. ತಂಡ ಗೆದ್ದದ್ದು 20. ಆ ಸೋಲೇ ಅದೃಷ್ಟದ ಬಾಗಿಲು ತೆರೆಯಿತು. ನಾಣ್ಯದ ಜಾಗಕ್ಕೆ ಬಂದಿದ್ದ ಲಾಟರಿಯಲ್ಲಿ ಮೊದಲ ಆಯ್ಕೆ ಸ್ಯಾನ್ ಆಂಟೋನಿಯೊಗೆ ಬಂತು, ಟಿಮ್ ಡಂಕನ್ ಬಂದರು. 15 ಪಂದ್ಯವಷ್ಟೇ ಗೆದ್ದು ಡಂಕನ್‌ಗಾಗಿ ಕಾದಿದ್ದ ಬಾಸ್ಟನ್‌ಗೆ ಸಿಕ್ಕದ್ದು ಮೂರನೇ ಮತ್ತು ಆರನೇ ಆಯ್ಕೆ. ವರ್ಜಿನ್ ಐಲೆಂಡ್ಸ್‌ನ ಸೇಂಟ್ ಕ್ರಾಯ್ ದ್ವೀಪದ ಡಂಕನ್ ಮೂಲತಃ ಈಜುಗಾರ. 1989ರ ಹ್ಯೂಗೊ ಚಂಡಮಾರುತ ಅಲ್ಲಿನ ಈಜುಕೊಳವನ್ನು ಹಾಳುಮಾಡದಿದ್ದರೆ ಅವರು ಬಾಸ್ಕೆಟ್‌ಬಾಲ್‌ಗೆ ಬರುತ್ತಿದ್ದರೋ ಇಲ್ಲವೋ.

1993–94ರಲ್ಲಿ ಪಂದ್ಯಕ್ಕೆ 29.8 ಅಂಕದಂತೆ ಗಳಿಸಿ ಇಡೀ ಲೀಗ್‌ನಲ್ಲಿ ಮೊದಲಿಗರಾಗಿದ್ದ ರಾಬಿನ್ಸನ್ 1998–99ರಲ್ಲಿ ಗಳಿಸಿದ್ದು 15.8. ವಯಸ್ಸು, ಬೆನ್ನುನೋವು ಕಾರಣ ಹೌದು. ಆದರೆ ಅಷ್ಟೇ ಅಲ್ಲ. ಬುಟ್ಟಿಯ ಎಡಬದಿಯ ಆಯಕಟ್ಟಿನ ಜಾಗವನ್ನು ಅವರು ಡಂಕನ್‌ಗೆ ಒಪ್ಪಿಸಿ ತಾವು ಫ್ರೀಥ್ರೋ ಗೆರೆಯ ಬಳಿಗೆ ಬಂದರು. ಡಂಕನ್ ಅಲ್ಲಿಂದ ಹಲಗೆಗೆ ತಾಗಿಸಿ ಎಸೆಯುತ್ತಿದ್ದ ಚೆಂಡು ತಪ್ಪುತ್ತಿದ್ದುದೇ ಅಪರೂಪ. ರಾಬಿನ್ಸನ್ ತಮ್ಮ ಶಕ್ತಿಯನ್ನೆಲ್ಲ ರಕ್ಷಣೆಗೆ ಸುರಿದರು. ಮಾಲೀಕರು ಮತ್ತು ಆಟಗಾರರ ಜಟಾಪಟಿಯಿಂದ 50 ಪಂದ್ಯಗಳಿಗೆ ಇಳಿದಿದ್ದ ಆ ಋತುವಿನಲ್ಲಿ ಸ್ಪರ್ಸ್ ಮೊದಲ 14ರಲ್ಲಿ ಎಂಟು ಸೋತಿತು. ಕೋಚ್ ಗ್ರೆಗ್ ಪೊಪೊವಿಚ್ ಕುರ್ಚಿಯೇ ಅಲುಗಾಡುತ್ತಿತ್ತು. ಮುಂದಿನ 36ರಲ್ಲಿ ಸೋತದ್ದು ಐದು, ಪ್ಲೇಆಫ್‌ನ 17 ಪಂದ್ಯಗಳಲ್ಲಿ ಎರಡು.

ಒಂದೇ ಜೋಡಿಯನ್ನು ಆರಿಸಲೇಬೇಕೆಂದರೆ ಅದು 1999ರ ಸ್ಪರ್ಸ್‌ನದೇ. ಅಲ್ಲಿ ಬರ್ಡ್‌ನಂಥ ಮೂರನೆಯವರು ಇರಲಿಲ್ಲ. ಶಾನ್ ಎಲಿಯಟ್, ಏವರಿ ಜಾನ್ಸನ್ ಸಮರ್ಥರು, ಆದರೆ ತಂಡ ನಿಂತಿದ್ದು ಆ ಎರಡು ಗೋಪುರಗಳ ಮೇಲೆ. ಫೈನಲ್ಸ್‌ನಲ್ಲಿ ಎದುರಾದ ನ್ಯೂಯಾರ್ಕ್ ನಿಕ್ಸ್‌ನಲ್ಲಿ ಗಾಯಾಳು ಪ್ಯಾಟ್ರಿಕ್ ಯೂಯಿಂಗ್ ಇರಲಿಲ್ಲ ಎಂದು ಯಾರಾದರೂ ತಕರಾರು ತೆಗೆದರೆ ಒಪ್ಪಬೇಕಾದ್ದೇ. 2003ರಲ್ಲಿ ಇಬ್ಬರೂ ಸೇರಿ ಮತ್ತೊಮ್ಮೆ ಗೆದ್ದರು. ನ್ಯೂಜೆರ್ಸಿ ನೆಟ್ಸ್ ಎದುರಿನ ಕೊನೆಯ ಪಂದ್ಯದಲ್ಲಿ ಡಂಕನ್ 21 ಅಂಕ, 20 ರಿಬೌಂಡ್, 10 ಅಸಿಸ್ಟ್, 8 ಬ್ಲಾಕ್. ವೃತ್ತಿಬದುಕಿನ ಕಡೆಯ ಪಂದ್ಯ ಆಡುತ್ತಿದ್ದ, 37ರ ರಾಬಿನ್ಸನ್ ಹಿಡಿದ ರಿಬೌಂಡ್ 17.

ಇದೇ ಸ್ಪರ್ಸ್‌ಗೆ 2011ರಲ್ಲಿ ಮಣ್ಣು ಮುಕ್ಕಿಸಿದ್ದೂ ಒಂದು ಜೋಡಿಯೇ. ಮೆಂಫಿಸ್ ಗ್ರಿಜ್ಲಿಸ್‌ನ ಜ್ಯಾಕ್ ರ್‍ಯಾಂಡಾಲ್ಫ್, ಮಾರ್ಕ್ ಗಸೋಲ್. 2008ರಲ್ಲಿ ಅಣ್ಣ ಪೌ ಗಸೋಲ್ ಅವರನ್ನು ಲೇಕರ್ಸ್‌ಗೆ ಕೊಟ್ಟಾಗ ಮೆಂಫಿಸ್‌ಗೆ ಬಂದದ್ದರಲ್ಲಿ ತಮ್ಮ ಮಾರ್ಕ್‌ನ ಹಕ್ಕೂ ಸೇರಿತ್ತು. ಆಗ ಎಲ್ಲರೂ ನಕ್ಕಿದ್ದರು. ರ್‍ಯಾಂಡಾಲ್ಫ್ ಮೂರು ತಂಡ ಸುತ್ತಿ, ತಲೆನೋವು ಎಂಬ ಹೆಸರು ಹೊತ್ತು ಬಂದವರು. ಆಮೇಲೆ ಬಡ ಕುಟುಂಬಗಳ ಕರೆಂಟ್ ಬಿಲ್ ಕಟ್ಟಿ ಆ ಊರಿನವರೇ ಆಗಿಹೋದರು. ಅವರು ನೆಗೆಯುತ್ತಿದ್ದುದು ನೆಲದಿಂದ ಒಂದು ಗೇಣೂ ಇರುತ್ತಿರಲಿಲ್ಲವೇನೋ. ಸೊಂಟದಿಂದ ಎದುರಾಳಿಯನ್ನು ಹಿಂದಕ್ಕೆ ಒತ್ತಿ ಹಿಡಿದು ಎಡಗೈ ಚಾಚುತ್ತಿದ್ದರು. ಫ್ರೀಥ್ರೋ ಗೆರೆಯ ಬಳಿ ನಿಂತ ಮಾರ್ಕ್ ಸರಿಯಾಗಿ ಆ ಕೈಗೇ ಚೆಂಡು ಇಳಿಸುತ್ತಿದ್ದರು. ಎಂಟನೇ ಶ್ರೇಯಾಂಕದ ಮೆಂಫಿಸ್, 61 ಪಂದ್ಯ ಗೆದ್ದಿದ್ದ ಸ್ಪರ್ಸ್ ಅನ್ನು 4–2ರಿಂದ ಮನೆಗೆ ಕಳಿಸಿತು. ಆರನೇ ಪಂದ್ಯದ ಕೊನೆಯ ಕ್ವಾರ್ಟರ್ ಒಂದರಲ್ಲೇ ರ್‍ಯಾಂಡಾಲ್ಫ್ 17 ಅಂಕ ಗಳಿಸಿದ್ದರು.

ಇಂಥ ಜೋಡಿಯನ್ನು ಮುರಿಯುವುದು ಹೇಗೆಂದು 2015ರಲ್ಲಿ ಗೋಲ್ಡನ್ ಸ್ಟೇಟ್ ತೋರಿಸಿಕೊಟ್ಟಿತು. ಮೆಂಫಿಸ್ ಎದುರಿನ ಪ್ಲೇಆಫ್ ಸರಣಿಯಲ್ಲಿ 2–1ರಿಂದ ಹಿಂದಿದ್ದಾಗ ಕೋಚ್ ಸ್ಟೀವ್ ಕರ್ ತಮ್ಮ ಸೆಂಟರ್ ಆ್ಯಂಡ್ರೂ ಬೋಗಟ್‌ಗೆ ಮೆಂಫಿಸ್‌ನ ಗಾರ್ಡ್ ಟೋನಿ ಆಲೆನ್ ಅವರನ್ನು ಕಾಯುವ ಕೆಲಸ ಕೊಟ್ಟರು. ಕಾಯುವುದೆಂದರೆ ಕಾಯದೇ ಇರುವುದು. ದೂರದಿಂದ ಎಸೆಯಲು ಬಾರದ ಆಲೆನ್‌ರನ್ನು ಅವರ ಪಾಡಿಗೆ ಬಿಟ್ಟು ಬೋಗಟ್ ಪೇಂಟ್‌ನಲ್ಲೇ ಬೀಡುಬಿಟ್ಟರು. 2001ಕ್ಕೆ ಮೊದಲಿನ ನಿಯಮದಲ್ಲಿ ಇದು ಸಾಧ್ಯವಿರಲಿಲ್ಲ. ಆ ವರ್ಷ ಆಟಗಾರನ ಬದಲು ಜಾಗವನ್ನು ಕಾಯುವ ಜೋನ್ ರಕ್ಷಣೆಗೆ ಒಪ್ಪಿಗೆ ಸಿಕ್ಕ ಮೇಲೆ ಸಾಧ್ಯವಾಯಿತು. ರ್‍ಯಾಂಡಾಲ್ಫ್‌ಗೆ ತಿರುಗಲು ಜಾಗ ಉಳಿಯಲಿಲ್ಲ. ವಾರಿಯರ್ಸ್ ಮುಂದಿನ ಮೂರೂ ಪಂದ್ಯ ಗೆದ್ದಿತು. ಆಮೇಲಿನ ಕೆಲವು ವರ್ಷ ಇಬ್ಬರು ದೈತ್ಯರನ್ನು ಒಟ್ಟಿಗೆ ಆಡಿಸುವುದೇ ಹಳೆಯ ಕಾಲದವರ ಚಾಳಿ ಎನ್ನಿಸಿಕೊಂಡಿತು.

ಮಹಿಳೆಯರ ಡಬ್ಲ್ಯುಎನ್‌ಬಿಎ ಈ ಗೊಂದಲವನ್ನು ಹೆಚ್ಚು ಸಲೀಸಾಗಿ ಬಗೆಹರಿಸಿತ್ತು. ಲಾಸ್ ಏಂಜಲೀಸ್ ಸ್ಪಾರ್ಕ್ಸ್‌ನ ಕ್ಯಾಂಡೇಸ್ ಪಾರ್ಕರ್ ಆರಡಿ ನಾಲ್ಕು ಅಂಗುಲದವರಾದರೂ ಗಾರ್ಡ್‌ನಂತೆ ಚೆಂಡು ನಡೆಸಬಲ್ಲವರಾಗಿದ್ದರು. ಹೀಗಾಗಿ ಒಳಗಿನ ಜಾಗ ನೆಕಾ ಓಗುಮಿಕೆಯವರಿಗೆ ತಾನಾಗಿಯೇ ಸಿಗುತ್ತಿತ್ತು. 2016ರ ಫೈನಲ್ಸ್‌ನ ಐದನೇ ಪಂದ್ಯದಲ್ಲಿ ಮಿನೆಸೋಟ ಲಿಂಕ್ಸ್ ಒಂದು ಅಂಕ ಮುಂದಿತ್ತು. ಓಗುಮಿಕೆಯವರ ಒಂದು ಎಸೆತ ತಡೆಯಲ್ಪಟ್ಟಿತು. ಚೆಂಡನ್ನು ಮತ್ತೆ ತಾವೇ ಹಿಡಿದು, ಹಿಂದಕ್ಕೆ ವಾಲುತ್ತ ಎಸೆದದ್ದು ಬುಟ್ಟಿಗೆ ಬಿದ್ದಾಗ ಉಳಿದಿದ್ದುದು 3.1 ಸೆಕೆಂಡ್. 77–76. ಪಾರ್ಕರ್ ಅವರದು 28 ಅಂಕ. ಮರುವರ್ಷ ಇದೇ ಎರಡು ತಂಡಗಳು ಮತ್ತೆ ಎದುರಾದಾಗ ಲಿಂಕ್ಸ್ ಸೇಡು ತೀರಿಸಿಕೊಂಡಿತು.

ಕೂಡಿ ಆಡಲಾಗದ ಒಂದು ಜೋಡಿಯನ್ನು ಭಾರತದ ಪ್ರೇಕ್ಷಕರು ಕಣ್ಣಾರೆ ಕಂಡಿದ್ದಾರೆ. 2019ರ ಅಕ್ಟೋಬರ್ 4 ಮತ್ತು 5ರಂದು ಮುಂಬೈನ ವರ್ಲಿಯ ಎನ್‌ಎಸ್‌ಸಿಐ ಡೋಮ್‌ನಲ್ಲಿ ದೇಶದ ಮೊದಲ ಎನ್‌ಬಿಎ ಪಂದ್ಯಗಳು ನಡೆದವು. ಇಂಡಿಯಾನಾ ಪೇಸರ್ಸ್ ಎದುರು ಸ್ಯಾಕ್ರಮೆಂಟೊ ಕಿಂಗ್ಸ್. ಮೊದಲ ಪಂದ್ಯವನ್ನು ಇಂಡಿಯಾನಾ ಹೆಚ್ಚುವರಿ ಅವಧಿಯಲ್ಲಿ 132–131ರಿಂದ ಗೆದ್ದಿತು. ಆ ತಂಡದಲ್ಲಿದ್ದ ಡೊಮಂಟಾಸ್ ಸಬೋನಿಸ್, ಮೈಲ್ಸ್ ಟರ್ನರ್ ಇಬ್ಬರೂ ಸೆಂಟರ್‌ಗಳು, ಇಬ್ಬರೂ ಜಾಣರು. ಆದರೂ ಅವರ ಆಟ ಕಡೆಯವರೆಗೂ ಬೆಸೆಯಲಿಲ್ಲ. 2022ರ ಫೆಬ್ರವರಿಯಲ್ಲಿ ಸಬೋನಿಸ್ ಹೋದದ್ದು ಮುಂಬೈಯಲ್ಲಿ ಎದುರಾಳಿಯಾಗಿದ್ದ ಅದೇ ಸ್ಯಾಕ್ರಮೆಂಟೊಗೆ. ಬದಲಿಗೆ ಇಂಡಿಯಾನಾಗೆ ಬಂದವರಲ್ಲಿ ಟೈರೀಸ್ ಹ್ಯಾಲಿಬರ್ಟನ್ ಮುಖ್ಯರು. ಮರುವರ್ಷವೇ ಕಿಂಗ್ಸ್ 16 ಋತುಗಳ ಬರ ನೀಗಿಸಿಕೊಂಡು ಪ್ಲೇಆಫ್ ತಲುಪಿತು. ಟರ್ನರ್ ಮತ್ತು ಹ್ಯಾಲಿಬರ್ಟನ್ ಇದ್ದ ಇಂಡಿಯಾನಾ 2025ರಲ್ಲಿ ಫೈನಲ್ಸ್‌ಗೇ ಬಂತು.

ಆ ಫೈನಲ್ಸ್‌ನಲ್ಲಿ ಎದುರಿಗಿದ್ದ ಒಕ್ಲಹೋಮ ಸಿಟಿ ಥಂಡರ್ ಏಳಡಿಯ ಇಬ್ಬರನ್ನು ಸಾಕಿಕೊಂಡಿತ್ತು. ಮೂರಂಕದ ಎಸೆತವೂ ಗೊತ್ತಿರುವ ಸಪೂರ ದೇಹದ ಚೆಟ್ ಹೋಮ್‌ಗ್ರೆನ್ ಮತ್ತು ಅಡ್ಡ ನಿಂತರೆ ಗೋಡೆಯಂತಿರುವ ಐಸಾಯಾ ಹಾರ್ಟೆನ್‌ಸ್ಟೀನ್. ಕೋಚ್ ಮಾರ್ಕ್ ಡೇಗ್ನಾಲ್ಟ್ ಮೊದಲ ಪಂದ್ಯಕ್ಕೆ ಹಾರ್ಟೆನ್‌ಸ್ಟೀನ್‌ರನ್ನು ಬೆಂಚಿನಲ್ಲಿ ಕೂರಿಸಿ, ವೇಗದ ಆಟಕ್ಕೆಂದು ಗಾರ್ಡ್ ಕೇಸನ್ ವ್ಯಾಲೇಸ್‌ರನ್ನು ಇಳಿಸಿದರು. ಮೂರು ಪಂದ್ಯ ಮುಗಿದಾಗ ಇಂಡಿಯಾನಾ 2–1ರಿಂದ ಮುಂದಿತ್ತು. ನಾಲ್ಕನೆಯದಕ್ಕೆ ಹಾರ್ಟೆನ್‌ಸ್ಟೀನ್ ಮೊದಲ ಐವರೊಳಗೆ ಮರಳಿದರು. ಥಂಡರ್ ಆ ಪಂದ್ಯವನ್ನೂ ಗೆದ್ದಿತು, ಕೊನೆಗೆ 4–3ರಿಂದ ಪ್ರಶಸ್ತಿಯನ್ನೂ.