ಮನೋರೋಗ ಚಿಕಿತ್ಸೆಯಲ್ಲಿ ಮುಕ್ತ ಸಂವಾದ

ಮನೆಯಲ್ಲಿ ಯಾರಿಗಾದರೂ ಜ್ವರ ಬಂದರೆ ನೆರೆಹೊರೆಯವರೆಲ್ಲ ಬಂದು ವಿಚಾರಿಸುತ್ತಾರೆ. ಅದೇ ಮನೆಯ ಮಗನೊಬ್ಬ ರಾತ್ರಿಯೆಲ್ಲ ನಿದ್ರೆಯಿಲ್ಲದೆ ತನ್ನಷ್ಟಕ್ಕೆ ಮಾತನಾಡತೊಡಗಿದರೆ, ಯಾರೋ ತನ್ನನ್ನು ಹಿಂಬಾಲಿಸುತ್ತಿದ್ದಾರೆಂದು ಹೆದರತೊಡಗಿದರೆ, ಮನೆಯ ಬಾಗಿಲು ಮುಚ್ಚಿಕೊಳ್ಳುತ್ತದೆ. ತಂಗಿಯ ಮದುವೆಗೆ ಅಡ್ಡಿಯಾದೀತೆಂಬ ಭಯದಲ್ಲಿ ತಿಂಗಳುಗಳು ಕಳೆಯುತ್ತವೆ. ಕಡೆಗೆ ವೈದ್ಯರ ಬಳಿಗೆ ಹೋದಾಗಲೂ ಅಪ್ಪ, ಅಣ್ಣ, ಸೋದರಮಾವ ಒಳಗೆ ಹೋಗಿ ಎಲ್ಲವನ್ನೂ ವಿವರಿಸುತ್ತಾರೆ. ಯಾರ ವಿಷಯವಾಗಿ ಮಾತು ನಡೆಯುತ್ತಿದೆಯೋ ಅವನು ಹೊರಗೆ ಬೆಂಚಿನ ಮೇಲೆ ಕುಳಿತಿರುತ್ತಾನೆ. ಎಲ್ಲರೂ ಸೇರಿ ತನ್ನ ವಿರುದ್ಧ ಏನೋ ಹೂಡುತ್ತಿದ್ದಾರೆಂಬ ಅವನ ಶಂಕೆಗೆ ನಾವೇ ಸಾಕ್ಷಿ ಒದಗಿಸಿದಂತಾಗುತ್ತದೆ.

ಈ ಸಂಗತಿಯನ್ನು ಆಳವಾಗಿ ಯೋಚಿಸಿದವರು ಫಿನ್ಲೆಂಡ್ ದೇಶದ ಉತ್ತರಭಾಗದಲ್ಲಿ, ಸ್ವೀಡನ್ನಿನ ಗಡಿಗೆ ತಾಗಿಕೊಂಡಿರುವ ಟೋರ್ನಿಯೊ ಪಟ್ಟಣದ ಕೆರೊಪುದಾಸ್ ಆಸ್ಪತ್ರೆಯವರು. ಮೊದಲು ಅಲ್ಲಿಯೂ ವೈದ್ಯರು ಮತ್ತು ಸಿಬ್ಬಂದಿ ತಮ್ಮತಮ್ಮಲ್ಲೇ ಚರ್ಚಿಸಿ, ಚಿಕಿತ್ಸೆಯನ್ನು ನಿಶ್ಚಯಿಸಿ, ಆಮೇಲೆ ಕುಟುಂಬವನ್ನು ಕರೆಯುತ್ತಿದ್ದರು. 1984ರಲ್ಲಿ ಅವರು ಆ ಪದ್ಧತಿಯನ್ನು ಕೈಬಿಟ್ಟು ಒಂದು ನಿಯಮ ಮಾಡಿಕೊಂಡರು: ರೋಗಿಯ ಕುರಿತಾದ ಯಾವ ಚರ್ಚೆಯೂ, ಯಾವ ತೀರ್ಮಾನವೂ ಅವನ ಗೈರುಹಾಜರಿಯಲ್ಲಿ ಆಗಕೂಡದು. ಮನಶ್ಶಾಸ್ತ್ರಜ್ಞ ಯಾಕ್ಕೊ ಸೆಯ್ಕುಲಾ ಹಾಗೂ ಅವರ ಸಹೋದ್ಯೋಗಿಗಳು ಮುಂದಿನ ವರ್ಷಗಳಲ್ಲಿ ಇದನ್ನು ಒಂದು ಪೂರ್ಣ ಪದ್ಧತಿಯಾಗಿ ಬೆಳೆಸಿದರು. ಅದೇ ಇಂದು ‘ಓಪನ್ ಡೈಲಾಗ್’, ಅಂದರೆ ಮುಕ್ತ ಸಂವಾದ, ಎಂದು ಹೆಸರಾಗಿದೆ.

ಅದರ ಕ್ರಮ ಹೀಗಿದೆ. ಸಂಕಟದ ಕರೆ ಬಂದ 24 ಗಂಟೆಗಳೊಳಗೆ ಮೊದಲ ಸಭೆ ಸೇರುತ್ತದೆ. ಸಾಧ್ಯವಾದಷ್ಟೂ ರೋಗಿಯ ಮನೆಯಲ್ಲಿಯೇ. ಎರಡು ಮೂರು ಮಂದಿ ಚಿಕಿತ್ಸಕರು, ರೋಗಿ, ಮನೆಯವರು, ಬೇಕೆನಿಸಿದರೆ ಆಪ್ತ ಗೆಳೆಯರು, ನೆರೆಯವರು, ಕೆಲಸ ಮಾಡುವ ಸ್ಥಳದವರು ದುಂಡಾಗಿ ಕುಳಿತುಕೊಳ್ಳುತ್ತಾರೆ. ಮೊದಲ ಪ್ರಶ್ನೆಗಳು ಅತಿ ಸರಳ: ಈ ಸಭೆ ಸೇರಬೇಕೆಂದು ಮೊದಲು ಯಾರಿಗೆ ಅನ್ನಿಸಿತು? ಈ ಸಮಯವನ್ನು ನಾವು ಹೇಗೆ ಬಳಸಿಕೊಳ್ಳೋಣ? ಪ್ರತಿಯೊಬ್ಬರೂ ಮಾತನಾಡುವಂತೆ ನೋಡಿಕೊಳ್ಳುತ್ತಾರೆ. ರೋಗಿ ಅಸಂಬದ್ಧವೆನಿಸುವ ಮಾತನ್ನಾಡಿದರೂ ಅದನ್ನು ಅಲ್ಲಗಳೆಯುವುದಿಲ್ಲ, ಹೌದೆಂದು ತಲೆಯಾಡಿಸುವುದೂ ಇಲ್ಲ. ಆ ಧ್ವನಿ ಮೊದಲು ಯಾವಾಗ ಕೇಳಿಸಿತು, ಆಗ ನಿಮ್ಮ ಬದುಕಿನಲ್ಲಿ ಏನು ನಡೆದಿತ್ತು ಎಂದು ಕೇಳುತ್ತಾರೆ. ಚಿಕಿತ್ಸಕರು ತಮ್ಮ ಅಭಿಪ್ರಾಯಗಳನ್ನು ಎಲ್ಲರೂ ಆಲಿಸುವಂತೆ ಅಲ್ಲಿಯೇ ಪರಸ್ಪರ ಹೇಳಿಕೊಳ್ಳುತ್ತಾರೆ. ಮೊದಲ ಹತ್ತು ಹನ್ನೆರಡು ದಿನ ಅಗತ್ಯವಿದ್ದರೆ ದಿನವೂ ಸಭೆ ನಡೆಯುತ್ತದೆ. ಅದೇ ತಂಡ ಕಡೆಯವರೆಗೂ ಜೊತೆಗಿರುತ್ತದೆ. ಆತುರದ ತೀರ್ಮಾನಕ್ಕಿಂತ, ಉತ್ತರ ಗೊತ್ತಿಲ್ಲದ ಸ್ಥಿತಿಯನ್ನು ಎಲ್ಲರೂ ಕೂಡಿ ಸಹಿಸುವುದಕ್ಕೆ ಅಲ್ಲಿ ಹೆಚ್ಚಿನ ಬೆಲೆ.

ಔಷಧದ ವಿಷಯದಲ್ಲಿ ತಪ್ಪು ತಿಳಿವಳಿಕೆ ಬೇಡ. ಈ ಪದ್ಧತಿ ಔಷಧವನ್ನು ತಿರಸ್ಕರಿಸಿಲ್ಲ. ಮನೋವಿಕಾರದ ಪ್ರಬಲ ಔಷಧಗಳನ್ನು ಮೊದಲ ಭೇಟಿಯಲ್ಲೇ ಆರಂಭಿಸದೆ, ಹಲವು ಸಭೆಗಳಲ್ಲಿ ಚರ್ಚಿಸಿ, ಅಗತ್ಯ ಕಂಡವರಿಗೆ ಕೊಡುತ್ತಾರೆ. ತರಬೇತಾದ ತಂಡವೊಂದು ದಿನವೂ ಮನೆಗೆ ಬರುವುದರಿಂದ ಅವರಿಗೆ ಅಷ್ಟು ಕಾಯುವುದು ಸಾಧ್ಯವಾಗಿದೆ. ಅಂಥ ತಂಡವಿಲ್ಲದ ನಮ್ಮಲ್ಲಿ ಇದನ್ನು ಓದಿ ಯಾರೂ ಮಾತ್ರೆ ನಿಲ್ಲಿಸಬಾರದು. ಹಾಗೆ ನಿಲ್ಲಿಸಿದವರಲ್ಲಿ ರೋಗ ಮರುಕಳಿಸುವುದು ಹೆಚ್ಚು.

ಮೊದಲ ಬಾರಿ ತೀವ್ರ ಮನೋವಿಕಾರಕ್ಕೆ ತುತ್ತಾದವರನ್ನು ಆ ಪ್ರದೇಶದಲ್ಲಿ ಐದು ವರ್ಷಗಳ ಬಳಿಕ ಪರಿಶೀಲಿಸಿದಾಗ ಐವರಲ್ಲಿ ನಾಲ್ವರಿಗಿಂತ ಹೆಚ್ಚು ಮಂದಿ ಓದಿಗೋ ದುಡಿಮೆಗೋ ಮರಳಿದ್ದರು. ಸಣ್ಣ ಸಂಖ್ಯೆಯ ಜನರ ಮೇಲೆ, ಪದ್ಧತಿಯನ್ನು ರೂಪಿಸಿದವರೇ ನಡೆಸಿದ ಅಧ್ಯಯನವಾದ್ದರಿಂದ ಇದೇ ಸಾಕೆನ್ನಲಾಗದೆಂದು ಇತರ ತಜ್ಞರು ಆಕ್ಷೇಪಿಸಿದ್ದಾರೆ. ಆ ಆಕ್ಷೇಪ ನ್ಯಾಯವಾದುದೇ.

ನಮ್ಮ ಪರಿಸ್ಥಿತಿ ಇದಕ್ಕೆ ತಿರುಗುಮುರುಗಾಗಿದೆ. ಪಾಶ್ಚಾತ್ಯರು ಕುಟುಂಬವನ್ನು ಚಿಕಿತ್ಸೆಯೊಳಗೆ ಕರೆತರಲು ಶ್ರಮಿಸಬೇಕಾಯಿತು. ನಮ್ಮಲ್ಲಿ ಕುಟುಂಬ ಸಾಮಾನ್ಯವಾಗಿ ರೋಗಿಯ ಕೈಬಿಟ್ಟು ದೂರ ಹೋಗಿರಲಿಲ್ಲ. 1950ರ ದಶಕದಲ್ಲಿಯೇ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಆವರಣದಲ್ಲಿ ಡೇರೆ ಹಾಕಿಸಿ ರೋಗಿಗಳ ಬಂಧುಗಳನ್ನು ಜೊತೆಯಲ್ಲಿಯೇ ಇರಿಸಿದರು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಕುಟುಂಬ ಸಮೇತ ಚಿಕಿತ್ಸೆ ನೀಡುವ ವಿಭಾಗವೇ ಇದೆ. ನಮ್ಮಲ್ಲಿ ಕೊರತೆಯಾಗಿರುವುದು ರೋಗಿಯ ಮಾತು. ನಾಲ್ಕು ಜನ ಕೂತಲ್ಲಿ ಹಿರಿಯರು ಮೊದಲು, ಗಂಡಸರು ಆಮೇಲೆ, ಸೊಸೆಯಂತೂ ಬಾಗಿಲ ಮರೆಯಲ್ಲಿ. ಅನುಭವಮಂಟಪದಲ್ಲಿ ಕಾಯಕಜೀವಿಗಳೂ ಸ್ತ್ರೀಯರೂ ಸಮಾನವಾಗಿ ಮಾತನಾಡಿದರೆಂದು ಹೆಮ್ಮೆಪಡುವ ನಮ್ಮ ಮನೆಗಳಲ್ಲೇ ಈ ಸ್ಥಿತಿಯಿರುವುದು ವಿಷಾದದ ಸಂಗತಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಾದರೋ, ತನ್ನ ಪರವಾಗಿ ನಿಲ್ಲುವ ಪ್ರತಿನಿಧಿಯನ್ನು ತಾನೇ ಹೆಸರಿಸುವ ಹಕ್ಕನ್ನು ವಯಸ್ಕ ರೋಗಿಗೆ ಕೊಟ್ಟಿದೆ.

ಆದ್ದರಿಂದ ವೈದ್ಯರ ಕೋಣೆಗೆ ಹೋಗುವಾಗ ಅಸ್ವಸ್ಥರನ್ನೂ ಒಳಗೆ ಕರೆದೊಯ್ಯಿರಿ. ಮೊದಲ ಮಾತು ಅವರದಾಗಲಿ. ಅವರು ತಡವರಿಸಿದರೆ ನೀವು ಪೂರ್ತಿಮಾಡಬೇಡಿ. ಮನೆಯವರೆದುರು ಹೇಳಲಾಗದ ದುಃಖವೂ ಇರುವುದುಂಟು, ಮುಖ್ಯವಾಗಿ ಮನೆಯವರಿಂದಲೇ ಹಿಂಸೆಗೊಳಗಾದವರಿಗೆ. ಅಂಥವರಿಗೆ ವೈದ್ಯರೊಡನೆ ಏಕಾಂತದ ಅವಕಾಶ ಬೇಕು. ಪ್ರಾಣ ಕಳೆದುಕೊಳ್ಳುವ ಮಾತು ಬಂದರೆ ಸಭೆ, ಸಮಾಲೋಚನೆ ಎಂದು ತಡಮಾಡದೆ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಎಲ್ಲಿಗೆ ಹೋಗಬೇಕೆಂದು ತೋಚದಿದ್ದರೆ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಗೆ ದಿನದ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಕರೆಮಾಡುವಾಗ ಅಸ್ವಸ್ಥರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ, ಅವರು ಒಪ್ಪಿದರೆ ಫೋನನ್ನು ಅವರ ಕೈಗೇ ಕೊಡಿ.